ಬಾಡಿಗೆಯ ಸರ್ವರಿನಲ್ಲಿ ಲೆಕ್ಕಪತ್ರ: ಸಣ್ಣ ಉದ್ದಿಮೆಗಳು ಗಮನಿಸಬೇಕಾದ ಅಂಶಗಳು

ಒಂದು ಕಾಲದಲ್ಲಿ ವರ್ತಕರ ಕಿರ್ದಿ ಮತ್ತು ಖಾತೆ ಪುಸ್ತಕಗಳು ಗಲ್ಲಾಪೆಟ್ಟಿಗೆಯ ಹಿಂದಿನ ಬೀರುವಿನಲ್ಲಿರುತ್ತಿದ್ದವು. ಬೀಗದ ಕೈ ಯಜಮಾನರ ಬಳಿಯೇ ಇರುತ್ತಿತ್ತು. ಇಂದು ಅದೇ ಲೆಕ್ಕಪತ್ರ, ದಾಸ್ತಾನಿನ ವಿವರ, ಗ್ರಾಹಕರ ಬಾಕಿ, ಇ-ಇನ್‌ವಾಯ್ಸ್ ಎಲ್ಲವೂ ಒಂದು ಸರ್ವರಿನೊಳಗೆ ಸೇರಿವೆ. ಆ ಸರ್ವರ್ ಅನೇಕ ಸಣ್ಣ ಉದ್ದಿಮೆಗಳಲ್ಲಿ ಮೆಟ್ಟಿಲಿನ ಅಡಿಯಲ್ಲೋ, ಯುಪಿಎಸ್ ಪಕ್ಕದಲ್ಲೋ, ಧೂಳಿಗೂ ಬೇಸಿಗೆಯ ಸೆಕೆಗೂ ಒಡ್ಡಿಕೊಂಡು ನಿಂತಿರುತ್ತದೆ. ಲಕ್ಷ್ಮೀಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುವುದನ್ನು ಯಾರೂ ಮರೆಯುವುದಿಲ್ಲ. ವರ್ಷದ ಉಳಿದ 364 ದಿನ ಅದರ ನೆನಪಾಗುವುದು ಅದು ನಿಂತುಹೋದಾಗ ಮಾತ್ರ.

ಈ ಪಡಿಪಾಟಲಿನಿಂದ ಪಾರಾಗುವ ಮಾರ್ಗಗಳಲ್ಲಿ ಒಂದು, ಡೇಟಾ ಸೆಂಟರಿನಲ್ಲಿರುವ ಇಡೀ ಯಂತ್ರವೊಂದನ್ನು ತಿಂಗಳ ಬಾಡಿಗೆಗೆ ಪಡೆಯುವುದು. ಇದನ್ನೇ ಡೆಡಿಕೇಟೆಡ್ ಸರ್ವರ್, ಅಂದರೆ ಒಬ್ಬರಿಗೇ ಮೀಸಲಾದ ಸರ್ವರ್ ಎನ್ನುತ್ತಾರೆ. ದರಪಟ್ಟಿ ಕೈಗೆ ಬಂದಾಗ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂಬುದರ ಸುತ್ತಲೇ ಮಾತುಕತೆ ನಡೆಯುತ್ತದೆ. ಬಾಡಿಗೆಗೆ ದೊರೆಯುವುದು ಯಂತ್ರ ಮಾತ್ರ, ಅದರೊಳಗಿನ ಲೆಕ್ಕಪತ್ರದ ಹೊಣೆ ಉದ್ದಿಮೆದಾರರ ಹೆಗಲ ಮೇಲೆಯೇ ಉಳಿಯುತ್ತದೆ ಎಂಬ ಸಂಗತಿ ಆ ಮಾತುಕತೆಯಲ್ಲಿ ಬರುವುದು ಅಪರೂಪ.

ಗೋದಾಮಿನ ಹೋಲಿಕೆ

ವ್ಯಾಪಾರಿಗಳಿಗೆ ಪರಿಚಿತವಾದ ಗೋದಾಮಿನ ಉದಾಹರಣೆಯಿಂದ ಈ ವ್ಯವಸ್ಥೆಗಳನ್ನು ಸುಲಭವಾಗಿ ತಿಳಿಯಬಹುದು. ಹಲವರ ಮೂಟೆಗಳನ್ನು ಒಂದೇ ಕೋಣೆಯಲ್ಲಿ ಒಟ್ಟುವಂಥದು ಶೇರ್ಡ್ ಹೋಸ್ಟಿಂಗ್. ಗೋದಾಮಿನೊಳಗೆ ತಡಿಕೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಟ್ಟರೆ ಅದು ವಿಪಿಎಸ್, ಅಂದರೆ ಒಂದು ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಪಾಲು ಮಾಡಿದ ವ್ಯವಸ್ಥೆ. ಇಡೀ ಗೋದಾಮನ್ನು ಒಬ್ಬರೇ ಬಾಡಿಗೆಗೆ ಹಿಡಿದು ಸ್ವಂತ ಬೀಗ ಹಾಕಿಕೊಂಡರೆ ಅದು ಡೆಡಿಕೇಟೆಡ್ ಸರ್ವರ್. ಜಾಗವನ್ನಷ್ಟೇ ಗೇಣಿಗೆ ಪಡೆದು ಸ್ವಂತ ಖರ್ಚಿನಲ್ಲಿ ಶೆಡ್ಡು ಕಟ್ಟಿಕೊಂಡಂತೆ, ಸ್ವಂತ ಯಂತ್ರವನ್ನು ಡೇಟಾ ಸೆಂಟರಿನಲ್ಲಿ ಇರಿಸುವುದು ಕೋ-ಲೊಕೇಶನ್.

ಹೋಲಿಕೆ ಇನ್ನೊಂದು ಕಾರಣಕ್ಕೂ ಉಪಯುಕ್ತ. ಗೋದಾಮಿನ ಮಾಲೀಕರು ಕಟ್ಟಡ, ಕಾವಲು, ವಿದ್ಯುತ್ತು ಒದಗಿಸುತ್ತಾರೆ. ಒಳಗಿನ ಮಾಲಿಗೆ ವಿಮೆ ಮಾಡಿಸಬೇಕಾದವರು ಮಾಲಿನ ಧಣಿಗಳೇ. ಡೆಡಿಕೇಟೆಡ್ ಸರ್ವರಿನ ಕರಾರುಗಳು ಸಾಮಾನ್ಯವಾಗಿ ಇದೇ ಧೋರಣೆಯಲ್ಲಿರುತ್ತವೆ. ಯಂತ್ರದ ಬಿಡಿಭಾಗ ಕೆಟ್ಟರೆ ಬದಲಿಸಿಕೊಡುವುದು, ವಿದ್ಯುತ್ತು ಮತ್ತು ಅಂತರಜಾಲ ಸಂಪರ್ಕ ಕೊಡುವುದು ಒದಗಿಸುವವರ ಕೆಲಸ. ಆಪರೇಟಿಂಗ್ ಸಿಸ್ಟಂ ನವೀಕರಣ, ಪಾಸ್‌ವರ್ಡ್, ಫೈರ್‌ವಾಲ್, ಬ್ಯಾಕಪ್ ಇವೆಲ್ಲ ಬಾಡಿಗೆದಾರರ ಪಾಲಿಗೆ ಬರುತ್ತವೆ. ಇವನ್ನು ಒದಗಿಸುವವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಸೇವೆಗೆ ಬೇರೆ ದರವಿರುತ್ತದೆ. ಅದರಲ್ಲಿಯೂ ಯಾವ ಯಾವ ಕೆಲಸ ಸೇರಿದೆ ಎಂಬುದನ್ನು ಬರಹದಲ್ಲಿ ಪಡೆಯದಿದ್ದರೆ ಆ ಪದಕ್ಕೆ ಅರ್ಥವಿಲ್ಲ.

ಯಾರಿಗೆ ಅಗತ್ಯ?

ಜಾಲತಾಣ ಮತ್ತು ಇ-ಮೇಲ್ ಮಾತ್ರ ಇರುವವರಿಗೆ ಡೆಡಿಕೇಟೆಡ್ ಸರ್ವರ್ ಅನವಶ್ಯಕ. ನಾಲ್ಕೈದು ಮಂದಿ ಒಂದೇ ಅಂಗಡಿಯಲ್ಲಿ ಕುಳಿತು ಬಿಲ್ಲು ಹಾಕುವ ಕಡೆಯೂ ಅಷ್ಟೆ. ಅಂಥವರಿಗೆ ಒಳ್ಳೆಯ ಕಂಪ್ಯೂಟರ್ ಮತ್ತು ಶಿಸ್ತಿನ ಬ್ಯಾಕಪ್ ಸಾಕು, ಮನೆಯಿಂದಲೂ ನೋಡಬೇಕೆಂದರೆ ಸಣ್ಣ ವಿಪಿಎಸ್ ಸಾಕು. ಹಲವು ಊರುಗಳಿಂದ ಹದಿನೈದಿಪ್ಪತ್ತು ಮಂದಿ ದಿನವಿಡೀ ಒಂದೇ ದತ್ತಸಂಚಯದ ಮೇಲೆ ಕೆಲಸ ಮಾಡುವಲ್ಲಿ, ಕೆಲಸದ ಹೊರೆ ತಿಂಗಳಿಂದ ತಿಂಗಳಿಗೆ ಹೆಚ್ಚು ವ್ಯತ್ಯಾಸವಾಗದಿರುವಲ್ಲಿ, ಪಕ್ಕದ ಪಾಲುದಾರರ ಭಾರದಿಂದ ಯಂತ್ರ ನಿಧಾನವಾಗುವುದನ್ನು ಸಹಿಸಲಾಗದಲ್ಲಿ ಮೀಸಲು ಯಂತ್ರಕ್ಕೆ ಅರ್ಥ ಬರುತ್ತದೆ. ಹಬ್ಬದ ಹದಿನೈದು ದಿನ ಮಾತ್ರ ಹತ್ತು ಪಟ್ಟು ವ್ಯಾಪಾರ ಕಾಣುವ ಆನ್‌ಲೈನ್ ಅಂಗಡಿಗಳಿಗೆ ಬಳಸಿದಷ್ಟಕ್ಕೆ ದರ ಕೊಡುವ ಕ್ಲೌಡ್ ಸೇವೆಯೇ ಲೇಸು.

ದರಪಟ್ಟಿಯ ಹಿಂದಿನ ಲೆಕ್ಕ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಎರಕದ ಕಾರ್ಖಾನೆ ಇದೆ, ಪುಣೆ ಮತ್ತು ಬೆಂಗಳೂರಿನಲ್ಲಿ ಅದರ ಡಿಪೋಗಳಿವೆ, ಒಟ್ಟು 22 ಮಂದಿ ಲೆಕ್ಕದ ತಂತ್ರಾಂಶವನ್ನು ಬಳಸುತ್ತಾರೆ ಎಂದು ಊಹಿಸಿಕೊಳ್ಳಬಹುದು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಹಿಡಿದವು, ಮಾರುಕಟ್ಟೆಯ ದರಗಳಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವ ದರಪಟ್ಟಿಯ ಅಂಕಿಗಳನ್ನು ಇಲ್ಲಿ ತುಂಬಿಕೊಳ್ಳತಕ್ಕದ್ದು.

ದರಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ತಿಂಗಳಿಗೆ ರೂ. 12,000 ಎಂದಿದೆ. ವಿಂಡೋಸ್ ಸರ್ವರ್ ಲೈಸೆನ್ಸಿಗೆ ರೂ. 3,000, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಬೇಕಾದ ಪ್ರತ್ಯೇಕ ಲೈಸೆನ್ಸಿಗೆ ತಲಾ ರೂ. 400ರಂತೆ ರೂ. 8,800, ಬೇರೆ ಊರಿನಲ್ಲಿ ಇಡುವ ಬ್ಯಾಕಪ್ಪಿಗೆ ರೂ. 2,500, ನಿರ್ವಹಣೆಗೆ ರೂ. 4,000. ಒಟ್ಟು ತಿಂಗಳಿಗೆ ರೂ. 30,300. ಅಂದರೆ ಮೊದಲು ಕಂಡ ದರದ ಎರಡೂವರೆ ಪಟ್ಟು. ಬಳಕೆದಾರರ ಲೈಸೆನ್ಸು ಅನೇಕ ಸಂಸ್ಥೆಗಳ ಲೆಕ್ಕದಲ್ಲಿ ತಪ್ಪಿಹೋಗುವ ಬಾಬತ್ತು. ವಿಂಡೋಸ್ ಸರ್ವರಿನ ಲೈಸೆನ್ಸನ್ನು ಸ್ವತಃ ಖರೀದಿಸುವುದಾದರೆ, ಪ್ರೊಸೆಸರಿನ ಕೋರ್‌ಗಳ ಸಂಖ್ಯೆಯ ಮೇಲೆ ಬೆಲೆ ನಿರ್ಧಾರವಾಗುತ್ತದೆ, ಮತ್ತು ಯಂತ್ರದಲ್ಲಿ ಕೋರ್‌ಗಳು ಎಷ್ಟೇ ಕಡಿಮೆಯಿದ್ದರೂ ಕನಿಷ್ಠ 16 ಕೋರ್‌ಗಳಿಗೆ ಲೈಸೆನ್ಸು ಕೊಳ್ಳಬೇಕಾಗುತ್ತದೆ.

ವರ್ಷಕ್ಕೆ ಬಾಡಿಗೆಯ ಖರ್ಚು ರೂ. 3,63,600 ಆಯಿತು. ಲೆಕ್ಕಪತ್ರ ಹೊರಗೆ ಹೋದ ಮೇಲೆ ಕಚೇರಿಯ ಅಂತರಜಾಲ ಕಡಿದರೆ ಬಿಲ್ಲು ಹಾಕುವುದೂ ನಿಲ್ಲುತ್ತದೆ. ಆದ್ದರಿಂದ ಬೇರೆ ಬೇರೆ ಕಂಪನಿಗಳ ಎರಡು ಲೈನುಗಳು ಬೇಕು. ಅದಕ್ಕೆ ರೂ. 60,000 ಸೇರಿಸಿದರೆ ರೂ. 4,23,600.

ಸ್ವಂತ ಯಂತ್ರದ ಕಡೆಯ ಲೆಕ್ಕ ಹೀಗೆ: ಸರ್ವರ್, ಯುಪಿಎಸ್, ಹವಾನಿಯಂತ್ರಣ ಸೇರಿ ರೂ. 5,20,000, ಇದನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 1,04,000. ಖರೀದಿಸಿದ ಲೈಸೆನ್ಸುಗಳ ಪಾಲು ರೂ. 60,000, ದುರಸ್ತಿ ಕರಾರು ರೂ. 50,000, ತಂತ್ರಜ್ಞರ ಸಂಬಳದ ಪಾಲು ರೂ. 48,000, ಹೊರಗಿನ ಬ್ಯಾಕಪ್ ರೂ. 30,000, ಅಂತರಜಾಲ ರೂ. 60,000. ವಿದ್ಯುತ್ತನ್ನು ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸತತವಾಗಿ 300 ವ್ಯಾಟ್ ಎಳೆಯುವ ಯಂತ್ರ ವರ್ಷಕ್ಕೆ 2,628 ಯೂನಿಟ್ ನುಂಗುತ್ತದೆ, ಯೂನಿಟ್ಟಿಗೆ ರೂ. 8 ಎಂದರೆ ರೂ. 21,024. ಕೋಣೆಯನ್ನು ತಂಪಾಗಿಡಲು ಸುಮಾರು ಅಷ್ಟೇ ಆಗುತ್ತದೆಂದು ಹಿಡಿದು ರೂ. 42,000 ಸೇರಿಸಿದರೆ ಒಟ್ಟು ರೂ. 3,94,000.

ಎರಡೂ ಕಡೆ ಜಿಎಸ್‌ಟಿಯನ್ನು ಬಿಟ್ಟಿದೆ. ವ್ಯತ್ಯಾಸ ವರ್ಷಕ್ಕೆ ರೂ. 29,600, ಅದೂ ಬಾಡಿಗೆಯೇ ದುಬಾರಿ. ಉಳಿತಾಯವಾಗುತ್ತದೆಂದು ನಂಬಿ ಬಾಡಿಗೆಯ ಸರ್ವರಿಗೆ ಹೋಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕು. ಹೆಚ್ಚುವರಿಯಾಗಿ ಕೊಡುವ ಹಣಕ್ಕೆ ದೊರೆಯುವುದು ಜನರೇಟರು, ಕಾವಲು, ಅಗ್ನಿಶಾಮಕ ವ್ಯವಸ್ಥೆ, ಮತ್ತು ಒಮ್ಮೆಲೇ ಬಂಡವಾಳ ತೊಡಗಿಸುವ ಅಗತ್ಯವಿಲ್ಲದಿರುವುದು. ಸ್ವಂತ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿ ಸಿಗುತ್ತದೆಂಬ ವಾದವೂ ಹಿಂದಿನಷ್ಟು ಬಲವಾಗಿಲ್ಲ. ಗಣಕಯಂತ್ರಗಳ ಮೇಲಿನ ಸವಕಳಿಯ ದರವನ್ನು 2017-18ನೇ ಹಣಕಾಸು ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು. ಬಾಡಿಗೆಯಾದರೋ ಆಯಾ ವರ್ಷದ ಖರ್ಚಾಗಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ತೆರಿಗೆಯ ಎರಡು ಮಾತು. ಈ ಸೇವೆಯ ಮೇಲೆ ಶೇ. 18ರ ಜಿಎಸ್‌ಟಿ ಇದ್ದು, ಅದರ ಹೂಡುವಳಿ ತೆರಿಗೆ ಜಮೆ ಪಡೆಯಲು ಸರ್ವರಿನ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರಬೇಕು. ಮಾಲೀಕರ ಮಗನೋ ಕಂಪ್ಯೂಟರ್ ರಿಪೇರಿಯವರೋ ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ, ತಮ್ಮ ಹೆಸರಿನಲ್ಲಿ ಖಾತೆ ತೆರೆದರೆ ಈ ಜಮೆ ಕೈತಪ್ಪುತ್ತದೆ. ಎರಡನೆಯದು, ಅಗ್ಗವೆಂದು ವಿದೇಶದ ಸಂಸ್ಥೆಯಿಂದ ಸರ್ವರ್ ಪಡೆದ ನೋಂದಾಯಿತ ವರ್ತಕರು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾವೇ ತೆರಿಗೆ ಕಟ್ಟಬೇಕು. ಅದನ್ನು ಜಮೆಯಿಂದ ವಜಾ ಮಾಡಲು ಬರುವುದಿಲ್ಲ, ನಗದು ಲೆಡ್ಜರಿನಿಂದಲೇ ಕಟ್ಟಿ ಆಮೇಲೆ ಜಮೆ ಕೇಳಬೇಕು. ವಿದೇಶಕ್ಕೆ ಹಣ ಕಳುಹಿಸುವಾಗ ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆಯೂ ಏಳುತ್ತದೆ. ವರ್ಷದ ಕೊನೆಗೆ ಲೆಕ್ಕ ಪರಿಶೋಧನೆಯ ವೇಳೆ ಇವು ಒಟ್ಟಿಗೆ ಹೊರಬಂದಾಗ ಅಗ್ಗದ ಸರ್ವರ್ ಅಗ್ಗವಾಗಿ ಉಳಿದಿರುವುದಿಲ್ಲ.

ಯಂತ್ರ ಮತ್ತು ಜಾಗ

ಯಂತ್ರದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಪ್ರೊಸೆಸರಿನ ಹೆಸರನ್ನಷ್ಟೇ ನೋಡದೆ ಅದು ಯಾವ ವರ್ಷದ್ದೆಂದು ಕೇಳಬೇಕು; ಹತ್ತು ವರ್ಷ ಹಳೆಯ ಯಂತ್ರಗಳೂ ಆಕರ್ಷಕ ದರದಲ್ಲಿ ಬಾಡಿಗೆಗೆ ಸಿಗುತ್ತವೆ. ಮೆಮೊರಿ ತನ್ನ ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮಾದರಿಯದಾಗಿರಲಿ. ಡಿಸ್ಕುಗಳು ಕನಿಷ್ಠ ಎರಡಿದ್ದು, ಒಂದರ ಯಥಾಪ್ರತಿ ಇನ್ನೊಂದರಲ್ಲಿ ಇರುವಂತೆ ರೇಡ್-1 ಜೋಡಣೆ ಇರಲಿ. ಇದು ಒಂದು ಡಿಸ್ಕು ಕೆಟ್ಟರೆ ಕೆಲಸ ನಿಲ್ಲದಂತೆ ಕಾಯುತ್ತದೆ, ಅಷ್ಟೆ. ಗುಮಾಸ್ತರು ತಪ್ಪಿ ಒಂದು ಕಂಪನಿಯ ಲೆಕ್ಕವನ್ನೇ ಅಳಿಸಿದರೆ ಅದು ಕ್ಷಣಮಾತ್ರದಲ್ಲಿ ಎರಡೂ ಡಿಸ್ಕುಗಳಿಂದ ಅಳಿಸಿಹೋಗುತ್ತದೆ. ರೇಡ್ ಇದೆ, ಬ್ಯಾಕಪ್ ಬೇಡ ಎನ್ನುವ ಮಾರಾಟಗಾರರ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಒಳಿತು.

ಸರ್ವರ್ ಎಲ್ಲಿದೆ ಎಂಬುದು ಹೆಚ್ಚು ಮುಖ್ಯ. ಸಮುದ್ರದಡಿಯ ಕೇಬಲ್ಲುಗಳು ಬಂದು ತಲುಪುವ ಮುಂಬಯಿ ಮತ್ತು ಚೆನ್ನೈ ಅಲ್ಲದೆ ಬೆಂಗಳೂರು, ಹೈದರಾಬಾದು, ನೋಯ್ಡಾಗಳಲ್ಲಿಯೂ ಡೇಟಾ ಸೆಂಟರುಗಳಿವೆ. ಮುಂಬಯಿಯಲ್ಲಿರುವ ಯಂತ್ರದಿಂದ ಕರ್ನಾಟಕದ ಊರುಗಳಿಗೆ ಉತ್ತರ ಬರಲು ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡುಗಳು ಸಾಕು. ಅಮೆರಿಕದಲ್ಲಿದ್ದರೆ ಇನ್ನೂರು ಮಿಲಿಸೆಕೆಂಡುಗಳನ್ನು ಮೀರುತ್ತದೆ. ಜಾಲತಾಣ ನೋಡುವವರಿಗೆ ಇದು ತಿಳಿಯದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ದಿನಕ್ಕೆ ಮುನ್ನೂರು ಬಿಲ್ಲು ಹಾಕುವ ಗುಮಾಸ್ತರಿಗೆ ಪ್ರತಿ ಒತ್ತಿನಲ್ಲಿಯೂ ತಿಳಿಯುತ್ತದೆ.

ಶೇಕಡಾವಾರು ಭರವಸೆಗಳ ಅರ್ಥವನ್ನೂ ಲೆಕ್ಕ ಹಾಕಿ ನೋಡಬೇಕು. ಶೇ. 99 ಲಭ್ಯತೆ ಎಂದರೆ ವರ್ಷಕ್ಕೆ 87 ಗಂಟೆಗಳಿಗೂ ಹೆಚ್ಚು ಕಾಲ ಸೇವೆ ಇಲ್ಲದಿದ್ದರೂ ಕರಾರು ಮುರಿದಂತಲ್ಲ. ಶೇ. 99.9 ಎಂದರೆ ಸುಮಾರು ಎಂಟೂ ಮುಕ್ಕಾಲು ಗಂಟೆ, ಶೇ. 99.99 ಎಂದರೆ ಸುಮಾರು 53 ನಿಮಿಷ. ಆ ಎಂಟೂ ಮುಕ್ಕಾಲು ಗಂಟೆ ತಿಂಗಳ 20ನೇ ತಾರೀಖು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನವೇ ಬಂದರೂ ಒದಗಿಸುವವರು ತಪ್ಪಿತಸ್ಥರಾಗುವುದಿಲ್ಲ. ಭರವಸೆ ತಪ್ಪಿದಾಗ ಸಾಮಾನ್ಯವಾಗಿ ಸಿಗುವುದು ಮುಂದಿನ ತಿಂಗಳ ಬಾಡಿಗೆಯಲ್ಲಿ ಒಂದಿಷ್ಟು ಮುರಿತ. ವ್ಯಾಪಾರದ ನಷ್ಟಕ್ಕೆ ಹೊಣೆಯಿಲ್ಲ, ಪರಿಹಾರ ಇಂತಿಷ್ಟು ತಿಂಗಳ ಬಾಡಿಗೆಯನ್ನು ಮೀರದು ಎಂಬ ಷರತ್ತು ಕರಾರಿನ ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಓದಬೇಕಾದ ಮೊದಲ ಪುಟ ಅದೇ.

ಸ್ಟ್ರಾಸ್‌ಬರ್ಗಿನ ಬೆಂಕಿ

2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಅದು ಯೂರೋಪಿನಲ್ಲಿ ಈ ವ್ಯವಹಾರದ ಅತಿ ದೊಡ್ಡ ಸಂಸ್ಥೆಗಳಲ್ಲೊಂದು. ಒಂದು ಕಟ್ಟಡ ಸಂಪೂರ್ಣ ನಾಶವಾಯಿತು, ಪಕ್ಕದ ಇನ್ನೊಂದರ ಭಾಗ ಸುಟ್ಟಿತು. ಪ್ರಾಣಹಾನಿಯಾಗಲಿಲ್ಲ. ಆದರೆ ಬ್ಯಾಕಪ್ ಸೇವೆಗೆ ಪ್ರತ್ಯೇಕವಾಗಿ ಹಣ ಕೊಟ್ಟಿದ್ದ ಕೆಲವು ಗ್ರಾಹಕರಿಗೂ ದತ್ತಾಂಶ ಮರಳಿ ಸಿಗಲಿಲ್ಲ. ಬ್ಯಾಕಪ್ಪಿನ ಪ್ರತಿಯೂ ಅದೇ ಕಟ್ಟಡದಲ್ಲಿತ್ತು. ಅಂಥ ಒಂದು ಸಣ್ಣ ಸಂಸ್ಥೆ ದಾವೆ ಹೂಡಿತು. ಬ್ಯಾಕಪ್ಪನ್ನು ಭೌತಿಕವಾಗಿ ಬೇರ್ಪಡಿಸಿ ಇಡಲಾಗುವುದೆಂದು ಕರಾರಿನಲ್ಲಿ ಹೇಳಿತ್ತೆಂಬ ಆಧಾರದ ಮೇಲೆ ಲಿಲ್ ನಗರದ ವಾಣಿಜ್ಯ ನ್ಯಾಯಾಲಯವು 2023ರ ಜನವರಿಯಲ್ಲಿ ಒಂದು ಲಕ್ಷ ಯೂರೋಗೂ ಹೆಚ್ಚಿನ ಪರಿಹಾರವನ್ನು ವಿಧಿಸಿತು. ಬಾಯಿಮಾತಿನ ಭರವಸೆಯಾಗಿದ್ದರೆ ಆ ದಾವೆ ಎಲ್ಲಿ ನಿಲ್ಲುತ್ತಿತ್ತೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಬೇರೆ ಕಟ್ಟಡವಿದ್ದರೆ ಸಾಕೆಂದೂ ಅಲ್ಲ. 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಎಂಬ ಹೋಸ್ಟಿಂಗ್ ಸಂಸ್ಥೆಯ ಸರ್ವರುಗಳನ್ನು ರಾನ್ಸಮ್‌ವೇರ್ ದಾಳಿಕೋರರು ಬೀಗಮುದ್ರೆ ಮಾಡಿ ಹಣ ಕೇಳಿದರು. ಬ್ಯಾಕಪ್ ವ್ಯವಸ್ಥೆಯೂ ಅದೇ ಒಳಜಾಲಕ್ಕೆ ಸೇರಿಕೊಂಡಿದ್ದರಿಂದ ಅದೂ ಅವರ ಕೈಸೇರಿತು. ಹೆಚ್ಚಿನ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. ಆದ್ದರಿಂದ ಒಂದು ಪ್ರತಿಯಾದರೂ ಬೇರೆ ಊರಿನಲ್ಲಿ, ಬೇರೆ ಸಂಸ್ಥೆಯ ಬಳಿ, ಸರ್ವರಿನ ಪಾಸ್‌ವರ್ಡಿನಿಂದ ತೆರೆಯಲು ಅಥವಾ ಅಳಿಸಲು ಬಾರದ ರೀತಿಯಲ್ಲಿರಬೇಕು. ವಾರಕ್ಕೊಮ್ಮೆ ಒಂದು ಡಿಸ್ಕಿಗೆ ಪ್ರತಿ ತೆಗೆದು, ತಂತಿ ಕಳಚಿ, ಅದೇ ಹಳೆಯ ಬೀರುವಿನಲ್ಲಿ ಬೀಗ ಹಾಕಿಟ್ಟರೂ ಉತ್ತಮವೇ. ದಾಳಿಕೋರರು ಹೆಚ್ಚಾಗಿ ಹುಡುಕುವುದು ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಬಾಗಿಲನ್ನು. ಅದರ ವಾಡಿಕೆಯ ಸಂಖ್ಯೆ 3389. ವಿಪಿಎನ್ ಮೂಲಕ ಮಾತ್ರ ಒಳಬರುವಂತೆ ಅದನ್ನು ಮುಚ್ಚಿಸುವುದು ಸರ್ವರ್ ಪಡೆದ ಮೊದಲ ದಿನದ ಕೆಲಸ.

ಕಾನೂನಿನ ಬೇಡಿಕೆ

ಖಾಸಗಿ ನಿಯಮಿತ ಕಂಪನಿಗಳು 2014ರ ಕಂಪನಿಗಳ (ಲೆಕ್ಕಪತ್ರ) ನಿಯಮಗಳ 3ನೇ ನಿಯಮವನ್ನು ಗಮನಿಸತಕ್ಕದ್ದು. ಎಲೆಕ್ಟ್ರಾನಿಕ್ ಲೆಕ್ಕಪತ್ರ ಭಾರತದಲ್ಲಿ ಸದಾಕಾಲ ನೋಡಸಿಗುವಂತಿರಬೇಕು. ಅದರ ಬ್ಯಾಕಪ್ ಭಾರತದೊಳಗೆ ಭೌತಿಕವಾಗಿ ಇರುವ ಸರ್ವರಿನಲ್ಲಿರಬೇಕು. 'ನಿಯತಕಾಲಿಕವಾಗಿ' ಎಂದಿದ್ದುದನ್ನು 2022ರ ಆಗಸ್ಟ್ ತಿದ್ದುಪಡಿ 'ಪ್ರತಿದಿನ' ಎಂದು ಬದಲಿಸಿತು. ಸೇವೆ ಒದಗಿಸುವವರ ಹೆಸರು, ಐಪಿ ವಿಳಾಸ, ಸ್ಥಳಗಳನ್ನು ವರ್ಷಕ್ಕೊಮ್ಮೆ ರಿಜಿಸ್ಟ್ರಾರ್ ಅವರಿಗೆ ತಿಳಿಸಬೇಕು. ಮಾಹಿತಿ ನಮ್ಮಲ್ಲಿಲ್ಲ ಎನ್ನುವ ಹೋಸ್ಟಿಂಗ್ ಸಂಸ್ಥೆಯೊಡನೆ ವ್ಯವಹಾರ ಆರಂಭಿಸದಿರುವುದೇ ಮೇಲು. ಲೆಕ್ಕಪತ್ರವನ್ನು ಎಂಟು ಹಣಕಾಸು ವರ್ಷ ಕಾಪಾಡಬೇಕೆಂಬುದು ಹಳೆಯ ವಿಧಿಯೇ.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವ ಆಡಿಟ್ ಟ್ರೇಲ್ ಕಡ್ಡಾಯವಾಗಿದೆ. ಅದನ್ನು ಆರಿಸಲು ಬರುವಂತಿರಬಾರದು. ಡೆಡಿಕೇಟೆಡ್ ಸರ್ವರಿನಲ್ಲಿ ಇದಕ್ಕೊಂದು ತೊಡಕಿದೆ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಉಳ್ಳವರು ತಂತ್ರಾಂಶವನ್ನು ಬದಿಗಿಟ್ಟು ನೇರವಾಗಿ ದತ್ತಸಂಚಯಕ್ಕೇ ಕೈಹಾಕಬಲ್ಲರು. ಲೆಕ್ಕ ಪರಿಶೋಧಕರು ಈಗ ಈ ಪ್ರಶ್ನೆಯನ್ನೂ ಕೇಳುತ್ತಾರೆ. ಆ ಪಾಸ್‌ವರ್ಡ್ ಲೆಕ್ಕ ಬರೆಯುವವರ ಕೈಯಲ್ಲಿರಬಾರದು; ಯಾರು ಯಾವಾಗ ಅದನ್ನು ಬಳಸಿದರೆಂಬುದಕ್ಕೆ ಪುಸ್ತಕವಿರಬೇಕು.

ಕಂಪನಿ ಕಾನೂನು ತಮಗಿಲ್ಲವೆಂದು ಪಾಲುದಾರಿಕೆ ಸಂಸ್ಥೆಗಳೂ ಏಕಮಾಲೀಕತ್ವದ ವರ್ತಕರೂ ನಿರಾಳವಾಗಿರುವಂತಿಲ್ಲ. ಜಿಎಸ್‌ಟಿ ಕಾನೂನಿನ 36ನೇ ವಿಧಿಯಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಕಾಪಾಡಬೇಕು. 57ನೇ ನಿಯಮ ಇನ್ನೂ ಸ್ಪಷ್ಟ: ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ದಾಖಲೆ ನಾಶವಾದರೆ ಯುಕ್ತ ಅವಧಿಯೊಳಗೆ ಮರುಸ್ಥಾಪಿಸಲು ಬರುವಂತೆ ಎಲೆಕ್ಟ್ರಾನಿಕ್ ಬ್ಯಾಕಪ್ ಇಡಬೇಕು, ಅಧಿಕಾರಿಗಳು ಕೇಳಿದಾಗ ಕಡತಗಳನ್ನೂ ಪಾಸ್‌ವರ್ಡುಗಳನ್ನೂ ಒದಗಿಸಬೇಕು. ಡೇಟಾ ಸೆಂಟರಿಗೆ ಬೆಂಕಿ ಬಿತ್ತು ಎಂಬುದು ಈ ನಿಯಮದ ಮುಂದೆ ಪೂರ್ಣ ಉತ್ತರವಾಗಲಾರದು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನಗಳಂತೆ ಸೈಬರ್ ದಾಳಿಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು ಉಳಿಸಬೇಕು. ಸಣ್ಣ ಉದ್ದಿಮೆಗಳಿಗೂ ಇದು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯಿಸಿದೆ. ಭಾನುವಾರ ರಾತ್ರಿ ದಾಳಿಯಾದರೆ ಯಾರಿಗೆ ದೂರವಾಣಿ ಮಾಡಬೇಕೆಂಬುದು ಕರಾರಿಗೆ ಸಹಿ ಹಾಕುವ ಮುನ್ನವೇ ಗೊತ್ತಿರಬೇಕು.

ಹೊರಬರುವ ದಾರಿ

ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಸರ್ವರ್ ಮತ್ತು ಡೊಮೇನ್ ಹೆಸರು ಕಂಪ್ಯೂಟರ್ ಮಾರಾಟಗಾರರ ಇ-ಮೇಲಿನಲ್ಲಿ ನೋಂದಣಿಯಾಗಿದ್ದು, ಅವರೊಡನೆ ಬಾಕಿಯ ತಗಾದೆ ಬಂದಾಗ ಉದ್ದಿಮೆದಾರರು ತಮ್ಮದೇ ಲೆಕ್ಕಪತ್ರದಿಂದ ಹೊರಗುಳಿಯುವ ಪ್ರಸಂಗ ಬರಬಹುದು. ಖಾತೆ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲಿನಲ್ಲಿ, ಮಾಲೀಕರ ಮೊಬೈಲ್ ಸಂಖ್ಯೆಯೊಡನೆ ಇರತಕ್ಕದ್ದು. ಬಾಡಿಗೆ ತಡವಾದರೆ ಎಷ್ಟು ದಿನಕ್ಕೆ ಸೇವೆ ನಿಲ್ಲುತ್ತದೆ, ನಿಂತ ಎಷ್ಟು ದಿನಕ್ಕೆ ಡಿಸ್ಕನ್ನು ಅಳಿಸುತ್ತಾರೆ ಎಂಬ ಎರಡು ಅಂಕಿಗಳನ್ನು ಕರಾರಿನಲ್ಲಿ ಹುಡುಕಿ ಕ್ಯಾಷಿಯರ್ ಮೇಜಿನ ಮೇಲೆ ಬರೆದಿಡುವುದು ಒಳ್ಳೆಯದು. ಕಾರ್ಡಿನ ಅವಧಿ ಮುಗಿದು ಪಾವತಿ ತಪ್ಪುವುದು ಅಪರೂಪವೇನಲ್ಲ.

ಮೊದಲು ಮೂರು ತಿಂಗಳ ಕರಾರು ಮಾಡಿಕೊಂಡು, ಆ ಅವಧಿಯಲ್ಲಿ ಹಳೆಯ ಯಂತ್ರವನ್ನೂ ನಡೆಸಿಕೊಂಡು ಬರುವುದು ಕ್ಷೇಮ. ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ ಸಿಗುವ ರಿಯಾಯಿತಿಯನ್ನು ಆಮೇಲೆ ಕೇಳಿದರೂ ಆಗುತ್ತದೆ. ಈ ಮೂರು ತಿಂಗಳಲ್ಲಿ ಒಂದು ಭಾನುವಾರ, ಹೊರಗಿನ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ ಹಿಂದಿನ ದಿನದ ತಾಳೆಪಟ್ಟಿ ತೆಗೆದು, ಸರ್ವರಿನ ತಾಳೆಪಟ್ಟಿಯೊಡನೆ ಹೋಲಿಸಿ ನೋಡಬೇಕು. ಹೊಂದಿದರೆ ಅದಕ್ಕೆ ಹಿಡಿದ ಸಮಯವನ್ನು ಬರೆದುಕೊಂಡು, ಆ ದಿನಾಂಕದ ಎರಡೂ ತಾಳೆಪಟ್ಟಿಗಳನ್ನು ಲೆಕ್ಕ ಪರಿಶೋಧಕರಿಗೆ ತೋರಿಸಲು ಕಡತದಲ್ಲಿಡಬೇಕು. ಹೊಂದದಿದ್ದರೆ ಹಳೆಯ ಯಂತ್ರವನ್ನು ಇನ್ನೂ ಗುಜರಿಗೆ ಹಾಕಬಾರದು.